ನನ್ನ ಅಕ್ಕ ಸಾಕ್ಷಿ ಹೇಳಿದ ಭಾನುವಾರ

ಕಾರ್ನ್‌ವಾಲಿನ ನಮ್ಮ ಬಂದರಿನಲ್ಲಿ ನನ್ನ ಅಕ್ಕ ಕೆಜಾಯಾಳ ನಾಲಿಗೆಗೆ ಹೆದರದ ಬೆಸ್ತನಿರಲಿಲ್ಲ. ಬಲೆ ಹೆಣೆದು ಹೊಟ್ಟೆ ಹೊರೆಯುತ್ತಿದ್ದ ವಿಧವೆ. ಹರಿದ ಬಲೆ ತಂದವನಿಗೆ, "ಏನೋ, ಮೀನು ಹಿಡಿಯೋಕೆ ಹೋಗಿದ್ಯೋ ಬಂಡೆ ಹಿಡಿಯೋಕೆ ಹೋಗಿದ್ಯೋ?" ಎನ್ನುತ್ತಿದ್ದಳು. ಬೈಸಿಕೊಂಡರೂ ಎಲ್ಲರೂ ಅವಳ ಹತ್ತಿರವೇ ಬರುತ್ತಿದ್ದರು.

ಸೈಲಸ್ ಟ್ರೆಗೆನ್ನಾ ಊರಿಗೆ ಕಾಲಿಟ್ಟದ್ದು ಚಹಾಪುಡಿ ಹೊತ್ತು ಮಾರುತ್ತಾ. ಬಾಯಲ್ಲಿ ಬೆಲ್ಲ. ಅವನು ಪ್ರಾರ್ಥನೆಗೆ ನಿಂತರೆ ಗಂಡಸರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಐದಾರು ವರ್ಷದಲ್ಲಿ ನಮ್ಮ ಪ್ರಾರ್ಥನಾಮಂದಿರದ ಹಿರಿಯನಾದ. ಆಮೇಲೆ ಪಕ್ಕದ ಕೋಣೆಯಲ್ಲೇ ಬೆಸ್ತರ ಉಳಿತಾಯದ ಬ್ಯಾಂಕು ತೆರೆದ. ಬೇರೆಯವರು ನೂರಕ್ಕೆ ಮೂರು ಬಡ್ಡಿ ಕೊಟ್ಟರೆ ಇವನು ಎಂಟು ಕೊಟ್ಟ. ಹೊಸಬರ ದುಡ್ಡನ್ನೇ ಹಳಬರಿಗೆ ಬಡ್ಡಿ ಅಂತ ಹಂಚುತ್ತಿದ್ದಾನೆ ಎಂದು ಯಾರಿಗೆ ಗೊತ್ತು? ಗುಡ್ಡದ ಮೇಲೆ ಮನೆಯಾಯಿತು, ಸಾರೋಟಾಯಿತು. ದೇವರು ಹರಸಿದ್ದಾನೆ ಅಂದುಕೊಂಡೆವು, ಬೆಪ್ಪುತಕ್ಕಡಿಗಳು! ಸ್ವಂತ ದೋಣಿ ಮಾಡಬೇಕೆಂದು ನನ್ನ ಗಂಡ ಡಿಗೊರಿ ಹನ್ನೆರಡು ವರ್ಷ ಕೂಡಿಟ್ಟದ್ದೆಲ್ಲ ಅವನ ಕೈಯಲ್ಲಿತ್ತು.

ಒಂದು ಶುಕ್ರವಾರ ಬ್ಯಾಂಕು ಮುಳುಗುತ್ತಿದೆಯಂತೆ ಎಂದು ಊರಲ್ಲಿ ಗುಸುಗುಸು ಎದ್ದಿತು. ಅಕ್ಕ ನೆಟ್ಟಗೆ ಹೋಗಿ ತನ್ನ ನಲವತ್ತು ಪೌಂಡು ಕೇಳಿದಳು. ಟ್ರೆಗೆನ್ನಾ ನಗುನಗುತ್ತಾ ಚಿನ್ನದ ನಾಣ್ಯಗಳನ್ನು ಅವಳ ಮಡಿಲಿಗೆ ಎಣಿಸಿ ಹಾಕಿದ. ಅಂಥವನನ್ನು ಅನುಮಾನಿಸಿದೆನಲ್ಲ ಎಂದು ಅವಳು ನಮ್ಮ ಮನೆಗೆ ಬಂದು ಅತ್ತಳು.

ನಮ್ಮ ಪ್ರಾರ್ಥನಾಮಂದಿರದಲ್ಲಿ ಪಾದ್ರಿ ಒಬ್ಬನೇ ಮಾತಾಡುವುದಿಲ್ಲ. ಯಾರಿಗೆ ಮನಸ್ಸು ಚುಚ್ಚುತ್ತದೋ ಅವರು ಎದ್ದು ನಿಂತು ಸಾಕ್ಷಿ ಹೇಳುತ್ತಾರೆ. ಹಾಗೆ ನಿಂತು ಆಡಿದ ಮಾತನ್ನು ಯಾರೂ ಅನುಮಾನಿಸುವಂತಿಲ್ಲ. ಆ ಭಾನುವಾರ ಅಕ್ಕ ಎದ್ದು ನಿಂತಳು.

"ಈ ಮನುಷ್ಯನ ಮೇಲೆ ಅನುಮಾನ ಪಟ್ಟೆ, ತಪ್ಪಾಯ್ತು. ಕೇಳಿದ ಗಳಿಗೇಲೇ ಒಂದು ಕಾಸೂ ಬಿಡದೆ ಕೊಟ್ಟ."

ಮುಂದಿನ ಸಾಲಿನಲ್ಲಿ ಟ್ರೆಗೆನ್ನಾ ಕಣ್ಣು ಮುಚ್ಚಿ ಕೂತಿದ್ದ. ಡಿಗೊರಿ ನನ್ನ ಕಿವಿಯಲ್ಲಿ, "ನಾಳೆ ದುಡ್ಡು ತೆಗೆಯೋದು ಬೇಡ ಬಿಡು. ಅತ್ತಿಗೇನೇ ಹೇಳಿದ ಮೇಲೆ ಇನ್ನೇನು?" ಎಂದ.

ಸೋಮವಾರ ಒಬ್ಬರೂ ಬ್ಯಾಂಕಿಗೆ ಹೋಗಲಿಲ್ಲ. ಬುಧವಾರ ಅದರ ಬಾಗಿಲಿಗೆ ಬೀಗ ಬಿದ್ದಿತ್ತು.

ಊರಿಗೆಲ್ಲ ಪಂಗನಾಮ ಹಾಕಿದವನನ್ನು ಪ್ಲಿಮತ್ತಿನಲ್ಲಿ ಹಡಗು ಹತ್ತುವಾಗ ಹಿಡಿದರು. ಕೈಚೀಲದಲ್ಲಿ ಇದ್ದದ್ದು ಹನ್ನೊಂದು ಪೌಂಡು. ಉಳಿದದ್ದು ಯಾವಾಗಲೋ ಕರಗಿಹೋಗಿತ್ತು. ಕೋರ್ಟಿನಲ್ಲಿ ಅವನ ವಕೀಲ ಕರೆಸಿದ್ದು ಅಕ್ಕನನ್ನೇ.

"ಇವರು ನಿನ್ನ ದುಡ್ಡು ಕೊಟ್ಟರೋ ಇಲ್ಲವೋ?"

"ಕೊಟ್ರು."

"ಪೂರ್ತಿ?"

"ಪೂರ್ತಿ ಕೊಟ್ರು ಸ್ವಾಮಿ."

ಅವನಿಗೆ ಏಳು ವರ್ಷ ಜೈಲಾಯಿತು. ಊರಿನಲ್ಲಿ ಏನನ್ನೂ ಕಳೆದುಕೊಳ್ಳದೆ ಉಳಿದವಳು ಅಕ್ಕ ಒಬ್ಬಳೇ. ಜನ ಹರಿದ ಬಲೆಗಳನ್ನು ಮೂರು ಮೈಲಿ ಆಚೆಗೆ ಹೊತ್ತೊಯ್ಯತೊಡಗಿದರು, ಅವಳ ಬಾಗಿಲಿಗೆ ತರಲಿಲ್ಲ. ಡಿಗೊರಿ ನಲವತ್ತೈದನೇ ವಯಸ್ಸಿನಲ್ಲಿ ಇನ್ನೊಬ್ಬರ ದೋಣಿಗೆ ಕೂಲಿ ಹೋದ. ನಾನು ಅಕ್ಕನ ಜೊತೆ ಮಾತು ಬಿಟ್ಟೆ.

ಚಳಿಗಾಲಕ್ಕೆ ಮುಂಚೆ ಅವಳು ಬಂದು, ಆ ನಾಣ್ಯಗಳನ್ನೆಲ್ಲ ನನ್ನ ಮೇಜಿನ ಮೇಲೆ ಸುರಿದಳು.

"ತಗೋ. ದೋಣಿಗೆ ಆಗುತ್ತೆ."

"ಅವತ್ತು ನೀನು ಹೇಳಿದ್ದು ಸುಳ್ಳಾ ಅಕ್ಕ?"

"ಇಲ್ಲ ಕಣೇ. ನಿಂಗೇ ಗೊತ್ತಲ್ಲ."

"ಮತ್ತೆ ಯಾಕೆ ತಂದೆ?"

ಅವಳು ತಲೆ ತಗ್ಗಿಸಿ ನಾಣ್ಯಗಳನ್ನು ನನ್ನ ಕಡೆಗೆ ತಳ್ಳಿದಳು. ಜಗಳಗಂಟಿ ನನ್ನ ಅಕ್ಕ ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ. ನನಗೆ ಆ ದುಡ್ಡು ಬೇಕಿತ್ತು, ಸುಳ್ಳೇಕೆ ಹೇಳಲಿ. ಆದರೂ ಒಂದೊಂದಾಗಿ ಆರಿಸಿ ಅವಳ ಶಾಲಿನ ಅಂಚಿಗೇ ಕಟ್ಟಿದೆ. ಅವಳು ಏನಾದರೂ ತಪ್ಪು ಮಾಡಿದ್ದರೆ ಅವತ್ತೇ ಕ್ಷಮಿಸಿ ಒಳಗೆ ಕರೆದು ಕೂರಿಸುತ್ತಿದ್ದೆ. ಯಾವ ತಪ್ಪಿಗೆ ಎಂದು ಕ್ಷಮಿಸಲಿ? ಬಾಗಿಲವರೆಗೆ ಹೋಗಿ ಕಳಿಸಿ, ಅಗುಳಿ ಹಾಕಿಕೊಂಡೆ.