ತುಟಿಯಷ್ಟೇ ಆಡಿಸಿದ ಹಾಡು

ಬಿಂದುವಿನ ಕತ್ತಿನಲ್ಲಿದ್ದ ಗಂಟನ್ನು ಮೊದಲು ಕಂಡದ್ದು ಯಾವ ಡಾಕ್ಟರೂ ಅಲ್ಲ, ಶ್ರೀಹರಿಯ ಕ್ಯಾಮೆರಾ.

ಬ್ಯೂಗಲ್ ರಾಕ್‌ನ ಬಂಡೆಯ ಮೇಲೆ ಮೊದಲ ದಿನದ ಶೂಟಿಂಗ್ ಮುಗಿಸಿ, ಮೂವರು ಗೆಳೆಯರೂ ಮರದ ನೆರಳಲ್ಲಿ ತಲೆಗೆ ತಲೆ ತಾಗಿಸಿಕೊಂಡು ಕ್ಯಾಮೆರಾದ ಪುಟ್ಟ ಪರದೆ ನೋಡುತ್ತಿದ್ದರು. ಹಾಡಿನ ನಡುವೆ ಬಿಂದು ಎಂಜಲು ನುಂಗುವ ಕ್ಲೋಸಪ್ ಒಂದಿತ್ತು. ಶ್ರೀಹರಿ ಅದನ್ನು ಹಿಂದಕ್ಕೆ ಓಡಿಸಿ ಮತ್ತೆ ನೋಡಿದ.

"ಬಿಂದು, ಕತ್ತಲ್ಲಿ ಏನೇ ಅದು? ನುಂಗ್ದಾಗ ಏನೋ ಮೇಲೆ ಹೋಗಿ ಕೆಳಗೆ ಬರ್ತಿದೆ."

"ನೆರಳು ಕಣೋ," ಎಂದಳು ಬಿಂದು. ನಿರ್ದೇಶಕಿ ಧೃತಿಯೂ ನೆರಳೇ ಇರಬೇಕು ಎಂದಳು. ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು ನೀರು ಕುಡಿದಾಗ ಅದು ನೆರಳಲ್ಲವೆಂದು ಬಿಂದುವಿಗೇ ಗೊತ್ತಾಯಿತು.

ಬಿಂದುವಿನ ಅಪ್ಪ ಗಂಗಾಧರಯ್ಯ ಮಾಗಡಿ ಕಡೆಯವರು. ಕಾಟನ್‌ಪೇಟೆಯಲ್ಲಿ ಹಗ್ಗ, ಟಾರ್ಪಾಲು ಮಾರುವ ಅಂಗಡಿ, ಹನುಮಂತನಗರದಲ್ಲಿ ಮನೆ. ಹಾಡನ್ನು ಅವಳಿಗೆ ಯಾರೂ ಕೂರಿಸಿ ಕಲಿಸಲಿಲ್ಲ. ಅಜ್ಜಿ ತಿಮ್ಮಕ್ಕ ನೆಂಟರ ಮದುವೆಗಳಲ್ಲಿ ಸೋಬಾನೆ ಹೇಳುವಾಗ ಮಗ್ಗುಲಲ್ಲಿ ಕೂತು ಸೊಲ್ಲಿಗೆ ಸೊಲ್ಲು ಸೇರಿಸುತ್ತಿದ್ದವಳು, ಅಜ್ಜಿ ತೀರಿಕೊಂಡ ಮೇಲೆ ತಾನೇ ಹಾಡು ಎತ್ತಿಕೊಳ್ಳತೊಡಗಿದಳು. ಮಾತಿಗೆ ಮಾತ್ರ ಹಿಂಜರಿಯುವ ಹುಡುಗಿ. ಕಾಲೇಜಿನಲ್ಲಿ ಉಳಿದವರು ಇಂಗ್ಲಿಷಿನಲ್ಲಿ ಪಟಪಟನೆ ಉತ್ತರ ಕೊಡುವಾಗ ಇವಳು ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿರುತ್ತಿದ್ದಳು. ಆದರೆ ಒಂದು ಸಲ ಕಾಲೇಜು ಹಬ್ಬದಲ್ಲಿ ಹಾಡಿದ್ದೇ ತಡ, ಹೆಸರು ಗೊತ್ತಿಲ್ಲದವರೂ "ಆ ವಾಯ್ಸ್ ಹುಡ್ಗಿ" ಎಂದು ಗುರುತಿಸತೊಡಗಿದರು. ಅವಳಿಗೆ ಅದೇ ಸಾಕಾಗಿತ್ತು.

ಮಲ್ಲೇಶ್ವರದ ಧೃತಿ ತನ್ನ ಕೊನೆಯ ವರ್ಷದ ಪ್ರಾಜೆಕ್ಟಿಗೆ ಮ್ಯೂಸಿಕ್ ವಿಡಿಯೋ ಮಾಡುತ್ತೇನೆಂದಾಗ ನೇರವಾಗಿ ಬಂದು ಕೇಳಿದ್ದು ಬಿಂದುವನ್ನೇ. ಹಾಡು ಬರೆದದ್ದೂ ಧೃತಿ. ಜಗಳವಾಡಿ ದೂರ ಹೋಗಿದ್ದವಳೊಬ್ಬಳು ಗೆಳತಿಯ ಮನೆಗೆ ಮರಳಿ ಬಂದು ಬಾಗಿಲು ತಟ್ಟುವ ಹಾಡು. "ಕದ ತೆಗೆಯೆ ಗೆಳತೀ, ನಾನೇ ಕಣೆ" ಎಂಬ ಸಾಲು ಮತ್ತೆ ಮತ್ತೆ ಬರುತ್ತಿತ್ತು. ಪ್ರತಿ ಸಲವೂ ಒಂದು ಮೆಟ್ಟಿಲು ಮೇಲಿನ ಸ್ವರದಲ್ಲಿ. ತ್ಯಾಗರಾಜನಗರದ ಶ್ರೀಹರಿಯ ಮನೆಯಲ್ಲಿ, ಗೋಡೆಗೆಲ್ಲ ರಜಾಯಿ ನೇತುಹಾಕಿ, ಫ್ಯಾನು ಆರಿಸಿ, ಬೆವರು ಒರೆಸಿಕೊಳ್ಳುತ್ತ ರೆಕಾರ್ಡ್ ಮಾಡಿದ್ದರು. ಪಕ್ಕದ ಮನೆಯವರು ಮಿಕ್ಸಿ ಹಾಕಿದಾಗೆಲ್ಲ ನಿಲ್ಲಿಸಿ ನಗುವುದು. ಕೊನೆಯ ಸಾಲಿನಲ್ಲಿ ಬಿಂದುವಿನ ಧ್ವನಿ ಮೇಲಕ್ಕೇರಿ ನಿಂತಾಗ ಶ್ರೀಹರಿ ಹೆಡ್‌ಫೋನು ತೆಗೆದಿಟ್ಟು, "ಸಾಕು ಗುರು, ಇನ್ನೇನೂ ಬೇಡ," ಎಂದಿದ್ದ. ಅದಾದ ಮರುವಾರವೇ ಬ್ಯೂಗಲ್ ರಾಕ್‌ನ ಶೂಟಿಂಗ್.

ಗಂಟು ಕ್ಯಾನ್ಸರಿನದೇ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. "ಬೇಗ ಸಿಕ್ಕಿದೆ, ಪುಣ್ಯ ಮಾಡಿದ್ರಿ," ಎಂದರು ಡಾಕ್ಟರು. ಧ್ವನಿಯ ನರ ಗಂಟಿಗೆ ಅಂಟಿಕೊಂಡೇ ಹೋಗಿದೆ, ಎಷ್ಟು ಜೋಪಾನ ಮಾಡಿದರೂ ಪೆಟ್ಟಾಗಬಹುದು ಎಂದೂ ಹೇಳಿದರು. ಗಂಗಾಧರಯ್ಯನವರಿಗೆ ಮಗಳ ಜೀವದ ಮಾತು ಬಿಟ್ಟು ಬೇರೇನೂ ಕಿವಿಗೆ ಬೀಳಲಿಲ್ಲ. ಬಿಂದುವಿಗೆ ಎಲ್ಲವೂ ಕೇಳಿಸಿತ್ತು. ಆಪರೇಷನ್ ಆಗಿ ಎಚ್ಚರವಾದಾಗ "ಅಮ್ಮಾ" ಎಂದು ಕರೆದಳು. ಬಾಯಿಂದ ಬರೀ ಗಾಳಿ ಬಂತು.

"ಬರುತ್ತೆ ಬಿಡು," ಎಂದರು ಎಲ್ಲರೂ. ಬಂತು ಕೂಡ, ತಿಂಗಳುಗಳ ಮೇಲೆ. ಆದರೆ ಅದು ಅವಳ ಧ್ವನಿಯಾಗಿರಲಿಲ್ಲ. ತುಕ್ಕು ಹಿಡಿದ ಬಾಗಿಲು ಎಳೆದಂತೆ ಕರಕರ, ನಡುವೆ ಉಸಿರು ಸೋರುವುದು. ಮೇಲಿನ ಸ್ವರಕ್ಕೆ ಹೋದರೆ ಏನೂ ಇಲ್ಲ, ಖಾಲಿ. ಫೋನಿನಲ್ಲಿ "ಯಾರ್ರೀ ಮಾತಾಡ್ತಿರೋದು?" ಎಂದು ಸ್ವಂತ ಚಿಕ್ಕಮ್ಮನೇ ಕೇಳಿದ ಮೇಲೆ ಅವಳು ಫೋನು ಎತ್ತುವುದನ್ನೇ ಬಿಟ್ಟಳು. ಮನೆಗೆ ಬಂದವರೆಲ್ಲ ಆ ವಿಡಿಯೋದಿಂದಲೇ ಜೀವ ಉಳಿಯಿತು ಎನ್ನುತ್ತಿದ್ದರು. ಉಳಿದದ್ದು ಯಾರು ಎಂದು ಬಿಂದು ಗೋಡೆ ನೋಡುತ್ತ ಯೋಚಿಸುತ್ತಿದ್ದಳು. ಆ ದಿನ ಬಿಸಿಲು ಬೇರೆ ಕಡೆಯಿಂದ ಬಿದ್ದಿದ್ದರೆ, ಕ್ಯಾಮೆರಾ ಸ್ವಲ್ಪ ದೂರ ಇದ್ದಿದ್ದರೆ, ಇನ್ನೂ ಒಂದಷ್ಟು ಕಾಲ ಹಾಡಿಕೊಂಡಿರುತ್ತಿದ್ದೆನಲ್ಲ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದ್ದಕ್ಕೆ ಅಮ್ಮನ ಮುಖ ನೋಡಲು ನಾಚಿಕೆಯಾಗುತ್ತಿತ್ತು.

ಪ್ರಾಜೆಕ್ಟಿಗೆ ಕಾಲೇಜು ಕೊಟ್ಟಿದ್ದ ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದಾಗ ಧೃತಿ ಮನೆಗೆ ಬಂದಳು. ಕಾಫಿ ಮುಟ್ಟದೆ ಕೂತಿದ್ದಳು.

"ಹಾಡು ಇದೆ. ಪಿಕ್ಚರ್ ಅರ್ಧ ಇದೆ. ಬೇಜಾರ್ ಮಾಡ್ಕೋಬೇಡ್ವೆ... ನಮ್ ಕಾಲೇಜಿನ ತೇಜಶ್ರೀನ ಕೇಳಿದೀನಿ. ಅವಳು ಲಿಪ್ ಸಿಂಕ್ ಮಾಡ್ತಾಳಂತೆ. ಎಲ್ಲಾ ಹೊಸದಾಗಿ ತೆಗೀತೀವಿ."

"ನನ್ ಧ್ವನಿ ಅವಳ ಬಾಯಲ್ಲಾ?" ಬಿಂದುವಿನ ಮಾತು ಹರಿದು ಹರಿದು ಬಂತು.

"ನಿಂಗೆ ಕಷ್ಟ ಆಗುತ್ತೆ ಅಂತ..."

"ನಂಗೇನ್ ಉಳ್ದಿದೆ ಧೃತಿ, ಅದೊಂದ್ ಬಿಟ್ರೆ? ಅದನ್ನೂ ಬೇರೆಯವ್ರಿಗೆ ಕೊಟ್ಬಿಡ್ತೀಯಾ? ನಾನೇ ಬರ್ತೀನಿ."

ಗಾಂಧಿ ಬಜಾರಿನಲ್ಲಿ ಬೆಳಗ್ಗೆ, ಹೂವಿನವರು ಬುಟ್ಟಿ ಬಿಚ್ಚುವ ಹೊತ್ತಿಗೆ ಶೂಟಿಂಗ್. ಹೊಲಿಗೆಯ ಗುರುತು ಮುಚ್ಚಲು ಬಿಂದು ಕತ್ತಿನ ಬುಡಕ್ಕೆ ದುಪಟ್ಟಾ ಸುತ್ತಿದ್ದಳು. ಅಂಗಡಿಸಾಲಿನ ನಡುವೆ ನಡೆದು ಬಂದು, ಹಳೇ ಮನೆಯೊಂದರ ಮುಚ್ಚಿದ ಬಾಗಿಲು ತಟ್ಟಬೇಕು. ಧೃತಿಯ ಕೈಯಲ್ಲಿದ್ದ ಸ್ಪೀಕರಿನಲ್ಲಿ ಹಾಡು ಶುರುವಾಯಿತು. ತನ್ನದೇ ಧ್ವನಿ ಎದುರಿನಿಂದ ಬಂದು ಮುಖಕ್ಕೆ ಬಡಿದಂತಾಗಿ ಬಿಂದು ನಿಂತುಬಿಟ್ಟಳು. ಮತ್ತೆ ಮಾಡಿದರು. ತುಟಿ ಆಡುತ್ತಿತ್ತು, ಆದರೂ ಏನೋ ಸುಳ್ಳೆನಿಸುತ್ತಿತ್ತು.

"ಗಂಟಲು ಸುಮ್ನಿದೆ ಕಣೆ," ಎಂದ ಶ್ರೀಹರಿ, ಅವಳತ್ತ ನೋಡದೆ. "ಜೊತೇಲಿ ಹಾಡ್ಬಿಡು. ಹೇಗೆ ಬಂದ್ರೂ ಪರ್ವಾಗಿಲ್ಲ. ಸ್ಪೀಕರ್ ಜೋರಾಗಿಡ್ತೀವಿ, ಯಾರಿಗೂ ಕೇಳ್ಸಲ್ಲ."

ಬಿಂದು ಹಾಡಿದಳು. ಸ್ಪೀಕರಿನ ಅಬ್ಬರದ ಅಡಿಯಲ್ಲಿ ಅವಳ ಕರಕರ ದನಿ ಅವಳಿಗೂ ಕೇಳಿಸಲಿಲ್ಲ. ಎದೆ ತುಂಬಿಕೊಂಡಿತು, ಉಸಿರು ಹಳೆಯ ದಾರಿ ಹಿಡಿಯಿತು. ಬಾಗಿಲು ತಟ್ಟುತ್ತ, ಮೇಲಿನ ಸ್ವರದ ಆ ಕೊನೆಯ ಸಾಲಿಗೆ ಬಂದಳು. ಒಂದು ಕ್ಷಣ, ಹಾಡುತ್ತಿರುವುದು ತಾನೇ ಅನ್ನಿಸಿತು.

ಆಗ ಚಾರ್ಜ್ ಮುಗಿದು ಸ್ಪೀಕರ್ ನಿಂತುಹೋಯಿತು.

"ನಾನೇ ಕಣೆ" ಎಂಬ ಮಾತು ಗಾಂಧಿ ಬಜಾರಿನ ನಡುವೆ ಬತ್ತಲಾಗಿ ಹೊರಬಿತ್ತು. ಒಡೆದ, ಕರ್ಕಶವಾದ, ಅರ್ಧ ಗಾಳಿಯೇ ಆದ ಕೂಗು. ಹೂ ಕಟ್ಟುತ್ತಿದ್ದವರು ತಲೆ ಎತ್ತಿದರು. ಯಾರೋ ಹುಡುಗರು ಕಿಸಕ್ಕನೆ ನಕ್ಕರು. ಹೂವಿನ ಹೆಂಗಸೊಬ್ಬಳು ಮಾತ್ರ ನಿಜವಾದ ಕಾಳಜಿಯಿಂದ, "ಯಾಕವ್ವಾ, ಗಂಟ್ಲು ಕಟ್ಕೊಂಡಿದ್ಯಾ? ಬಿಸ್ನೀರಿಗೆ ಉಪ್ಪು ಹಾಕಿ ಮುಕ್ಕಳಿಸು, ಸರಿಹೋಗ್ತದೆ," ಎಂದಳು.

ನಕ್ಕವರನ್ನು ಬಿಂದು ಸಹಿಸಿಕೊಳ್ಳುತ್ತಿದ್ದಳೇನೋ. ಆ ಹೆಂಗಸಿನ ಮಾತು ಸಹಿಸಲಾಗಲಿಲ್ಲ. ನಿಂತಿದ್ದ ಟೆಂಪೋ ಒಂದರ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು, ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡಳು. ಅಳುವಿಗೂ ಅದೇ ದನಿ ಬರುತ್ತದೆಂಬ ಹೆದರಿಕೆ.

ಧೃತಿ ಓಡಿಬಂದು ಪಕ್ಕದಲ್ಲಿ ಕೂತಳು. ಅವಳೂ ಅಳುತ್ತಿದ್ದಳು. "ಬೇಡ ಬಿಡೇ. ಈ ವಿಡಿಯೋನೇ ಬೇಡ. ಫೇಲಾದ್ರೆ ಆಗ್ಲಿ."

"ಮುಗ್ಸು," ಎಂದಳು ಬಿಂದು. "ಇವತ್ತೇ ಮುಗ್ಸು. ಇನ್ನೊಂದ್ ದಿನ ನನ್ ಕೈಲಾಗಲ್ಲ."

ಮುಗಿಸಿದರು. ಕೊನೆಯ ಶಾಟಿನಲ್ಲಿ ಬಾಗಿಲಿಗೆ ಹಣೆ ಹಚ್ಚಿ ನಿಂತ ಹುಡುಗಿಯ ಮುಖ ನೋಡಿ ಕಾಲೇಜಿನವರು ಎಂಥ ಅಭಿನಯ ಎಂದರಂತೆ. ಪ್ರದರ್ಶನಕ್ಕೆ ಬಿಂದು ಹೋಗಲಿಲ್ಲ. ಧೃತಿಗೆ ಒಳ್ಳೆಯ ಅಂಕ ಬಂತು. ವಿಡಿಯೋ ಯೂಟ್ಯೂಬಿಗೆ ಹೋಯಿತು; ಈ ಹುಡುಗಿಯ ಇನ್ನೊಂದು ಹಾಡು ಯಾವಾಗ ಎಂದು ಗುರುತಿಲ್ಲದವರೆಲ್ಲ ಕೆಳಗೆ ಬರೆದರು.

ಬಿಂದು ಅಪ್ಪನ ಅಂಗಡಿಯಲ್ಲಿ ಕೂರತೊಡಗಿದಳು. ಗಿರಾಕಿಗಳಿಗೆ ಬೆರಳು ತೋರಿಸಿ, ತಲೆಯಾಡಿಸಿ ವ್ಯಾಪಾರ ಮಾಡುವುದನ್ನು ಕಲಿತಳು. ಮನೆಯಲ್ಲಿ ಅಮ್ಮ ಅಡುಗೆಮನೆಯ ಬಾಗಿಲು ಓರೆ ಮಾಡಿಕೊಂಡು, ಫೋನನ್ನು ಕಿವಿಗೇ ಒತ್ತಿಕೊಂಡು ಆ ಹಾಡು ಕೇಳುತ್ತಿದ್ದರು. ಒಮ್ಮೆ ಬಿಂದು ಹಠಾತ್ತನೆ ಒಳಗೆ ಹೋದಾಗ ಅಮ್ಮ ಫೋನನ್ನು ಅಕ್ಕಿ ಡಬ್ಬದ ಹಿಂದೆ ಸರಿಸಿದರು.

ಆಮೇಲೆ ಯಾರೋ ಹೇಳಿದರೆಂದು ಅಮ್ಮನೇ ಹಟಮಾಡಿ ಅವಳನ್ನು ಚಾಮರಾಜಪೇಟೆಯ ಸ್ಪೀಚ್ ಥೆರಪಿಯ ಆಂಡಾಳ್ ಮೇಡಂ ಹತ್ತಿರ ಕರೆದುಕೊಂಡು ಹೋದರು. ಮೇಡಂ "ಆ" ಅನ್ನಿಸಿದರು, "ಈ" ಅನ್ನಿಸಿದರು. ಕೊನೆಗೆ, "ಮುಂಚೆ ಹೇಗಿತ್ತು ಅಂತ ತಿಳ್ಕೊಳ್ಳಕ್ಕೆ ಹಳೇ ರೆಕಾರ್ಡಿಂಗ್ ಏನಾದ್ರೂ ಇದ್ಯಾಮ್ಮ?" ಎಂದು ಕೇಳಿದರು.

"ಇಲ್ಲ," ಎಂದಳು ಬಿಂದು.

"ಇದೆ ಮೇಡಂ," ಎಂದು ಅಮ್ಮ ಆಗಲೇ ಫೋನು ಮುಂದೆ ಹಿಡಿದಿದ್ದರು.

ಆಂಡಾಳ್ ಮೇಡಂ ಹಾಡನ್ನು ಪೂರ್ತಿ ಕೇಳಿದರು. ಫೋನು ವಾಪಸ್ ಕೊಟ್ಟು, ಅಮ್ಮನಿಗಲ್ಲ, ಬಿಂದುವಿಗೇ ಹೇಳಿದರು: "ಈ ಧ್ವನಿ ನನ್ ಕೈಲಿ ವಾಪಸ್ ತರಕ್ಕಾಗಲ್ಲಮ್ಮ. ಯಾರ ಕೈಲೂ ಆಗಲ್ಲ. ಈಗಿರೋದನ್ನ ಸ್ವಲ್ಪ ಗಟ್ಟಿ ಮಾಡ್ಬೋದು. ಮಾತಾಡೋಷ್ಟು. ಬರ್ತೀಯಾ?"

ಇಷ್ಟು ದಿನ ಯಾರೂ ಬಾಯಿಬಿಟ್ಟು ಹೇಳದ ಮಾತು. ಬಿಂದುವಿನ ಒಳಗೆ ಏನೋ ಕುಸಿಯಿತು. ಆದರೆ ಕುಸಿದು ನೆಲ ಮುಟ್ಟಿತು. ಅಳತೊಡಗಿದ್ದು ಅಮ್ಮ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಮೆಟ್ಟಿಲಿಳಿಯುವಾಗಲೂ ಬಿಕ್ಕುತ್ತಿದ್ದರು. ಬಿಂದು ಅವರ ತೋಳು ಹಿಡಿದುಕೊಂಡು ರಸ್ತೆಗೆ ಬಂದು ಆಟೋ ನಿಲ್ಲಿಸಿದಳು.

"ಎಲ್ಲಿಗಮ್ಮ?"

"ಹನುಮಂತನಗರ." ಬಸ್ಸಿನ ಹಾರನ್ನಿನಲ್ಲಿ ಅದು ಅಳಿಸಿಹೋಯಿತು. ಡ್ರೈವರ್ ಕಿವಿಗೆ ಕೈ ಹಚ್ಚಿದ. ಎಂದಿನಂತೆ ಅಮ್ಮ ಅವಳ ಪರವಾಗಿ ಹೇಳಲು ಕಣ್ಣೊರೆಸಿಕೊಂಡು ಬಾಯಿ ತೆರೆದರು.

ಬಿಂದು ಅಮ್ಮನ ಕೈ ಒತ್ತಿದಳು. ಆಟೋದೊಳಕ್ಕೆ ಬಗ್ಗಿ, ಡ್ರೈವರಿನ ಹತ್ತಿರ ಮುಖ ತಂದು, ಆ ಕರಕರ ದನಿಯಲ್ಲೇ ಇನ್ನೊಮ್ಮೆ ಹೇಳಿದಳು.