ದೊರೆ ಕೈಬಿಟ್ಟ ‘ಅಂತೆ’

ನಮ್ಮ ಬೀದಿಗೆ ಅವರ ಬಗ್ಗೆ ಗೊತ್ತಿದ್ದದ್ದೆಲ್ಲ ‘ಅಂತೆ’ಯಲ್ಲೇ. ಇಂಗ್ಲೆಂಡಿನಲ್ಲಿ ಕೋಟೆ ಇದೆಯಂತೆ, ಅಣ್ಣ ಸತ್ತ ಮೇಲೆ ಲಾರ್ಡ್ ಪಟ್ಟ ಇವರಿಗೇ ಬಂತಂತೆ, ಆದರೂ ಊರಿಗೆ ಹೋಗಲಿಲ್ಲವಂತೆ, ಜಪಾನಿನ ಕೋಬೆಯ ಈ ಗುಡ್ಡದ ಮೇಲೆ ಕೂತು ಜಪಾನಿ ಪುಸ್ತಕಗಳನ್ನು ಇಂಗ್ಲಿಷಿಗೆ ತರುತ್ತಾರಂತೆ. ಅವರ ಮನೆಯೊಳಗೆ ಕಾಲಿಟ್ಟ ಮೇಲೆ ನನಗೆ ತಿಳಿದದ್ದು ಇಷ್ಟು: ಪಟ್ಟ ನಿಜ, ಪುಸ್ತಕ ನಿಜ, ಕೋಟೆ ಯಾವತ್ತೋ ಕೈಬಿಟ್ಟಿದೆ, ಕಾಲುಚೀಲ ಎರಡೂ ತೂತು.

ನಾನು ಹೋಗಿದ್ದು ಓದಿ ಹೇಳೋಕೆ. ವಯಸ್ಸಾಗಿ ಅವರ ದೃಷ್ಟಿಯ ನಟ್ಟನಡುವಿನ ಭಾಗ ಹೋಗಿತ್ತು. ಪುಟದ ಅಂಚು ಕಾಣುತ್ತೆ, ಅಕ್ಷರ ಕಾಣಲ್ಲ. ಇಂಗ್ಲಿಷ್ ಸ್ಪಷ್ಟವಾಗಿ ಓದುವವರು ಬೇಕು, ಜಪಾನಿಯೂ ಒಂದಿಷ್ಟು ಬರಬೇಕು ಅಂತ ಲೈಬ್ರರಿಯವರು ನನ್ನನ್ನು ಕೇಳಿದರು. ಮೈಸೂರಿನಲ್ಲಿ ಮಾಡಿದ ಇಂಗ್ಲಿಷ್ ಎಂ.ಎ. ಮದುವೆಯಾಗಿ ಇಲ್ಲಿಗೆ ಬಂದಮೇಲೆ ಮಗಳ ಹೋಂವರ್ಕಿಗಷ್ಟೇ ಖರ್ಚಾಗ್ತಿತ್ತು. ಕುಣಿದುಕೊಂಡು ಒಪ್ಪಿದೆ.

“ಏನು, ದೊರೆ ಮನೆ ಊಳಿಗಕ್ಕೆ ಹೊರಟ್ಯಾ?” ಅಂದರು ನಮ್ಮನೆಯವರು.

“ಹೂಂ, ಸಂಜೆ ಅನ್ನಕ್ಕೆ ನೀವೇ ಇಡಿ,” ಅಂದೆ.

ಅವತ್ತಿಂದ ಅವರು ನಮ್ಮನೆಯಲ್ಲಿ ‘ದೊರೆ’. ಎದುರಿಗೆ ಮಾತ್ರ ‘ಸೆನ್ಸೆ’, ಅಂದರೆ ಮೇಷ್ಟ್ರು. ಹುಡುಗರಾಗಿದ್ದಾಗ ಇಂಗ್ಲಿಷ್ ಕಲಿಸೋಕೆ ಬಂದವರು, ಒಂದು ಹಳೇ ಜಪಾನಿ ಪುಸ್ತಕ ಕೈಗೆ ಸಿಕ್ಕು ಇಲ್ಲೇ ಉಳಿದುಬಿಟ್ಟರು. ಮದುವೆ ಇಲ್ಲ. ಅಣ್ಣನ ಮಣ್ಣಿಗೂ ಹೋಗಲಿಲ್ಲ. ಆಗ ಒಂದು ಅಧ್ಯಾಯ ಅರ್ಧಕ್ಕೆ ನಿಂತಿತ್ತು ಅಂತ ಅವರೇ ಹೇಳಿದ್ದರು. ಕೇಳಿ ನನಗೆ ಮೈ ಉರಿದುಹೋಗಿತ್ತು. ಎಂಥ ಮನುಷ್ಯ ಇವರು!

ಅವರು ಅನುವಾದಿಸಿದ್ದೆಲ್ಲ ತೀರಿಕೊಂಡವರ ಪುಸ್ತಕಗಳನ್ನೇ. “ಸತ್ತವರು ಜಗಳಕ್ಕೆ ಬರಲ್ಲ,” ಅಂತ ನಗೋರು. ಜಂಬ ಇದ್ದದ್ದು ಒಂದೇ ವಿಷಯಕ್ಕೆ: ಮೂಲದಲ್ಲಿಲ್ಲದ ಒಂದು ಮಾತನ್ನೂ ಜೀವಮಾನದಲ್ಲಿ ಸೇರಿಸಿದವರಲ್ಲ.

ಕೊನೆಗೆ ಕೈಗೆತ್ತಿಕೊಂಡದ್ದು ಬದುಕಿರುವವರ ಪುಸ್ತಕ. ಗುಡ್ಡದ ಮೆಟ್ಟಿಲ ಕೆಳಗಿನ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು, ದೊರೆಗೆ ಆಗಾಗ ಮೂಲಂಗಿ ಉಪ್ಪಿನಕಾಯಿ ತಂದುಕೊಡೋರು. ಯುದ್ಧಕಾಲದ ತಮ್ಮ ಬಾಲ್ಯ ಬರೆದು ಊರಲ್ಲೇ ಅಚ್ಚು ಹಾಕಿಸಿದ್ದರು. ಅವರ ಮೊಮ್ಮಗಳು ಆಸ್ಟ್ರೇಲಿಯಾದಲ್ಲಿ ಬೆಳೆದವಳು, ಜಪಾನಿ ಓದೋಕೆ ಬರಲ್ಲ. “ನಾನು ಸಾಯೋದರೊಳಗೆ ಅವಳು ಓದೋ ಹಾಗೆ ಮಾಡಿಕೊಡಿ,” ಅಂತ ಅಜ್ಜಿ ಕೇಳಿದ್ದರು.

ಕಣ್ಣು ಪೂರ್ತಿ ಕೈಕೊಡುವಷ್ಟರಲ್ಲಿ ದೊರೆ ಅನುವಾದ ಮುಗಿಸಿದ್ದರು. ಅಚ್ಚಿಗೆ ಕಳಿಸುವ ಮುಂಚೆ ನಾನು ಇಂಗ್ಲಿಷನ್ನು ಗಟ್ಟಿಯಾಗಿ ಓದುತ್ತಿದ್ದೆ, ಪಕ್ಕದಲ್ಲಿ ಮೂಲ ಇಟ್ಟುಕೊಂಡು. ಅಜ್ಜಿಯ ಅಪ್ಪ ಬೀದಿಯವರಿಗೆಲ್ಲ ರೇಷನ್ ಹಂಚುತ್ತಿದ್ದವರು. ಇಂಗ್ಲಿಷಿನಲ್ಲಿ ಹೀಗಿತ್ತು: ಅಪ್ಪ ಬೀದಿಯವರ ಅಕ್ಕಿಯನ್ನು ನಮ್ಮ ಮನೆಯ ನೆಲದ ಹಲಗೆ ಕೆಳಗೆ ಬಚ್ಚಿಟ್ಟರು. ಓದೋದು ನಿಲ್ಲಿಸಿ ಪಕ್ಕದ ಪುಸ್ತಕ ನೋಡಿದೆ. ಮೂಲದಲ್ಲಿ ಆ ವಾಕ್ಯದ ಕೊನೆಗೆ ‘ಸೋ ದಾ’ ಅಂತ ಇದೆ. ಜಪಾನಿಯಲ್ಲಿ ನನಗೆ ಯಾರೂ ಕಲಿಸದೆ ಬಂದದ್ದು ಅದೊಂದೇ, ಯಾಕಂದರೆ ಅದು ನಮ್ಮ ‘ಅಂತೆ’. ಬಚ್ಚಿಟ್ಟಿದ್ದರಂತೆ!

“ಸೆನ್ಸೆ, ‘ಅಂತೆ’ ಎಲ್ಲಿ?”

“ಇಂಗ್ಲಿಷು ಅದನ್ನ ಹೊರಲ್ಲ. ಆಕೆ ಸಾಲುಸಾಲಿಗೂ ಹಾಕಿದ್ದಾರೆ. ಅಷ್ಟು ಸಲ ‘ಎಂದು ಹೇಳಲಾಗುತ್ತದೆ’ ಅಂತ ಬರೆದರೆ ಪೊಲೀಸ್ ರಿಪೋರ್ಟ್ ಆಗುತ್ತೆ.”

“ಒಂದು ಸಲನಾದ್ರೂ ಹಾಕಬಹುದಿತ್ತಲ್ಲ? ಈಗ ಅವರಪ್ಪ ಕಳ್ಳ ಆಗಿಬಿಟ್ಟರು!”

ದೊರೆ ಮುಖ ಬಿಗಿಯಾಯಿತು. “ಹಲಗೆ ಎತ್ತಿದ ಸದ್ದು ಬರೆದಿದ್ದಾರೆ, ಕೆಳಗಿನ ಮಣ್ಣಿನ ವಾಸನೆ ಬರೆದಿದ್ದಾರೆ. ಬೇರೆಯವರ ಬಾಯಲ್ಲಿ ಕೇಳಿದ್ದಕ್ಕೆ ವಾಸನೆ ಇರುತ್ತಾ? ಆಕೆಗೆ ಗೊತ್ತು. ‘ಅಂತೆ’ ಹಿಂದೆ ಬಚ್ಚಿಟ್ಟುಕೊಂಡಿದ್ದಾರೆ. ಇಂಗ್ಲೆಂಡಿನ ನಮ್ಮನೆಯಲ್ಲೂ ಹಾಗೇ. ಎಲ್ಲಾ ಅಂತೆ ಕಂತೆ, ಯಾರೂ ಏನೂ ಮಾಡಿದವರೇ ಅಲ್ಲ.”

“ನಿಮಗೇನು, ಪುಸ್ತಕ ಮುಗಿಸಿ ಕೈ ತೊಳ್ಕೋತೀರಿ. ಆ ಹುಡುಗಿ ಓದೋದು ಏನು? ಮುತ್ತಜ್ಜ ಪಕ್ಕದವರ ಅನ್ನ ಕದ್ದ ಅಂತ. ಅದಕ್ಕಾ ಅಜ್ಜಿ ನಿಮ್ಮನ್ನ ಬೇಡಿಕೊಂಡಿದ್ದು?” ಹಾಳೆಗಳನ್ನು ಮೇಜಿನ ಮೇಲೆ ಕುಕ್ಕಿ ಎದ್ದು ಬಂದೆ. ದಾರಿಯುದ್ದಕ್ಕೂ ಒಬ್ಬಳೇ ಬೈಕೊಂಡೆ. ಮನೆಯಲ್ಲಿ ಮಗಳು “ಡೈಜೋಬು? ಏನೂ ಆಗಿಲ್ಲ ತಾನೇ?” ಅಂದರೆ ಅವಳ ಮೇಲೂ ರೇಗಿದೆ.

ಎರಡು ದಿನ ಬಿಟ್ಟು ದೊರೆಯ ಫೋನ್ ಬಂತು. “ಬರೆದವರನ್ನೇ ಕೇಳಬಹುದು ಅನ್ನೋದು ನನಗೆ ಹೊಳೆಯಲೇ ಇಲ್ಲ, ನೋಡು. ಕೆಳಗೆ ಕರೆದುಕೊಂಡು ಹೋಗ್ತೀಯಾ?”

ಕೈ ಹಿಡಿದು ಮೆಟ್ಟಿಲಿಳಿಸಿದೆ. ಸಿಟ್ಟು ಇಳಿದಿರಲಿಲ್ಲ, ಆದರೂ ಒಂದೊಂದೇ ಮೆಟ್ಟಿಲು ಎಣಿಸಿ ಹೇಳಿದೆ. ಅಜ್ಜಿ ಬಾರ್ಲಿ ಟೀ ಕೊಟ್ಟು ಎದುರಿಗೆ ಕೂತರು. ದೊರೆ ತಮ್ಮ ಹಳೇ ಕಾಲದ ಮರ್ಯಾದೆಯ ಜಪಾನಿಯಲ್ಲಿ ಎಲ್ಲ ಹೇಳಿದರು. ‘ಸೋ ದಾ’ ತೆಗೆದಿದ್ದೇನೆ, ಈ ಹೆಣ್ಣುಮಗಳು ನನ್ನ ಜೊತೆ ಜಗಳಕ್ಕೆ ನಿಂತಿದ್ದಾಳೆ, ನೀವು ಹೇಳಿದ ಹಾಗೆ ಮಾಡುತ್ತೇನೆ.

ಅಜ್ಜಿ ನನ್ನ ಕಡೆ ತಿರುಗಿದರು. “ಒಕುಸಾನ್, ಅದನ್ನ ಹಾಕಿದರೆ ನನ್ನ ಮೊಮ್ಮಗಳಿಗೆ ಏನು ಅರ್ಥ ಆಗುತ್ತೆ?” ಮದುವೆಯಾದ ಹೆಂಗಸರನ್ನೆಲ್ಲ ಅವರು ಕರೆಯುತ್ತಿದ್ದದ್ದು ಹಾಗೆ.

“ಯಾರೋ ಆಡಿಕೊಂಡ ಮಾತು, ನಿಜವೋ ಸುಳ್ಳೋ ಗೊತ್ತಿಲ್ಲ ಅಂತ.”

“ಹಾಕದಿದ್ದರೆ?”

“ಅಪ್ಪ ಕದ್ದರು ಅಂತ,” ಅಂದೆ, ತಲೆ ತಗ್ಗಿಸಿ.

“ಅಪ್ಪ ಒಬ್ಬರೇನಾ?” ಅಂದರು ಅಜ್ಜಿ.

ದೊರೆ ಕಪ್ಪು ಕೆಳಗಿಟ್ಟರು.

“ಪಕ್ಕದ ಮನೆಯಲ್ಲಿ ಎಳೆಗೂಸಿತ್ತು. ತಾಯಿಗೆ ಹಾಲು ಬತ್ತಿತ್ತು. ಬಟ್ಟಲು ಹಿಡಿದು ನಮ್ಮ ಬಾಗಿಲಿಗೆ ಬಂದಳು. ಅಪ್ಪ ಇಲ್ಲ ಅಂದರು. ನಾನು ಅಪ್ಪನ ಹಿಂದೆ ನಿಂತಿದ್ದೆ. ಬಾಯಲ್ಲಿ ಅನ್ನ ಇತ್ತು. ಅವಳು ಹೋಗೋ ತನಕ ಅಗಿಯಲಿಲ್ಲ.”

ಒಂದು ಮಾತಿಗೂ ‘ಸೋ ದಾ’ ಇರಲಿಲ್ಲ. ಅಯ್ಯೋ, ಸಾಕು ಅಜ್ಜಿ ಅನ್ನಬೇಕು ಅನ್ನಿಸಿತು. ಕೂಸು ಏನಾಯಿತು ಅಂತ ಯಾರೂ ಕೇಳಲಿಲ್ಲ.

“ಜಪಾನಿಯಲ್ಲಿ ನನ್ನ ಕೈಲಾಗಲ್ಲ,” ಅಂದರು. “ಆ ಮನೆಯವರು ಇನ್ನೂ ಇದೇ ಬೀದಿಯಲ್ಲಿದ್ದಾರೆ, ಸಿಕ್ಕಾಗ ತಲೆಬಾಗಿ ನಮಸ್ಕಾರ ಮಾಡ್ತೀವಿ. ಸೆನ್ಸೆ, ಇಂಗ್ಲಿಷಿನಲ್ಲಿ ಬರೆಯಿರಿ.”

ಅವರು ಕೇಳುತ್ತಿದ್ದದ್ದು ಮೂಲದಲ್ಲಿಲ್ಲದ ಮಾತು ಸೇರಿಸಿ ಅಂತ. ದೊರೆ ಆಗಲ್ಲ ಅಂತಾರೆ ಅಂದುಕೊಂಡೆ. ಅವರು ನನ್ನ ಕಡೆ ಕೈಚಾಚಿ “ಬರ್ಕೋ” ಅಂದರು. ತಾಯಿ, ಬಟ್ಟಲು, ಬಾಗಿಲು ಎಲ್ಲ ಹೇಳಿ, ಕೊನೆಗೆ ‘ಆ ಅಕ್ಕಿಯನ್ನು ನಾವು ತಿಂದೆವು’ ಅಂತ ಬರೆಸಿದರು. ನಾನು ಅಜ್ಜಿಗೆ ಅದನ್ನು ಜಪಾನಿಯಲ್ಲಿ ಓದಿ ಹೇಳಿದೆ.

“ನಾವು ಅಲ್ಲ,” ಅಂದರು ಅಜ್ಜಿ. “ಅಪ್ಪ ಒಂದು ಅಗುಳೂ ಮುಟ್ಟಲಿಲ್ಲ. ನಾನು ಅಂತ ಬರೀರಿ.”