ಬೋರಲು ಬಿದ್ದ ಚಪ್ಪಲಿ
ಚಪ್ಪಲಿ ಬೋರಲು ಬಿದ್ದರೆ ಮನೆಯಲ್ಲಿ ಜಗಳ ಖಂಡಿತ ಎಂದು ನಂಬಿದ ಮುನಿಶಾಮಪ್ಪನವರಿಗೆ ದೇವರು ಕೊಟ್ಟಿದ್ದು ಗೌರಿಬಿದನೂರಿನಲ್ಲೊಂದು ಬೂಟಿನ ಫ್ಯಾಕ್ಟರಿ. ಬೂಟನ್ನು ಬೋರಲು ಹಾಕದೆ ಸೋಲ್ ಅಂಟಿಸುವುದಾದರೂ ಹೇಗೆ? ಆ ಬೋರಲು ಬೂಟುಗಳ ಸಾಲಿನ ಕಡೆ ಹೋದಾಗಲೆಲ್ಲ ಅವರ ಎದೆ ಡವಡವ. ಮನೆಯಲ್ಲಿ ಇಬ್ಬರು ಗಂಡುಮಕ್ಕಳ ದನಿ ಸ್ವಲ್ಪ ಏರಿದರೂ ಸಾಕು, ಮೊದಲು ಓಡಿಹೋಗಿ ಬಾಗಿಲಾಚೆಯ ಚಪ್ಪಲಿಗಳನ್ನು ನೋಡುತ್ತಾರೆ. ಮಂಚೇನಹಳ್ಳಿಯಲ್ಲಿ ತಮ್ಮ ಅಣ್ಣನ ಹೆಸರಿನಲ್ಲಿ ಕಟ್ಟಿಸಿಕೊಟ್ಟ ಶಾಲೆಯ ಉದ್ಘಾಟನೆಯಲ್ಲೂ ಅಷ್ಟೇ: ವೇದಿಕೆಯ ಮೇಲೆ ಹೊಗಳಿಕೆ ನಡೆದಿದ್ದರೆ, ದಾನಿಗಳು ಹಾರ ಹಾಕಿಕೊಂಡೇ ಜಗಲಿಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಮಕ್ಕಳು ಬಿಚ್ಚಿಟ್ಟ ಬೂಟುಗಳನ್ನು ನೆಟ್ಟಗಿಡುತ್ತಿದ್ದರು. "ಇದೆಲ್ಲ ಮೂಢನಂಬಿಕೆ ತಾತಾ" ಎಂದು ಮೊಮ್ಮಗಳು ಸೌಜನ್ಯ ನಕ್ಕಳು. ಅವರು ತಲೆ ಎತ್ತಲಿಲ್ಲ. "ನಮ್ಮಣ್ಣ ಮನೆ ಬಿಟ್ಟೋದ ದಿನ ನನ್ನ ಚಪ್ಪಲಿ ಬೋರಲು ಬಿದ್ದಿತ್ತು ಕಣಮ್ಮ. ನೋಡಿನೂ ಸುಮ್ನೆ ದಾಟ್ಕೊಂಡು ಹೋದೆ."